ಜೂನ್‌ನಲ್ಲಿ ಗೋವಾ ತೀರಕ್ಕೆ ಬಂದು ಬೀಳುವ ಪ್ಲಾಸ್ಟಿಕ್ ಮುಂಬೈದೇನಾ?

ಬೈನಾ ಬಸು

ವಾಸ್ಕೋದ ಕಡೆ ಇರುವ ಕನ್ನಡದವರಿಗೆಲ್ಲ ಇದು ಗೊತ್ತಿರುತ್ತದೆ. ಮುಂಗಾರು ಹಿಡಿದು ಮೊದಲ ದೊಡ್ಡ ಅಲೆಗಳು ಬಂದ ಮೇಲೆ ಬೈನಾದಿಂದ ವೆಲ್ಸಾಂವ್ ತನಕ ಕಸವೋ ಕಸ. ಬಾಟಲಿ, ಥರ್ಮಾಕೋಲ್ ಚೂರು, ಒಂಟಿ ಚಪ್ಪಲಿ, ಹರಿದ ಬಲೆ, ಗುಟ್ಕಾ ಚೀಟಿ. ಜೊತೆಗೆ ಸಾಬೂದಾನಿಯಂಥ ಬಿಳಿ ಪ್ಲಾಸ್ಟಿಕ್ ಗುಳಿಗೆಗಳು.

ಚಹಾ ಅಂಗಡಿಯಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಬಾಂಬೆ ಕಸ ರೀ, ನೀರು ಹೊತ್ಕೊಂಡು ಬರ್ತದೆ." ಕಾರವಾರದ ಗೆಳೆಯನನ್ನು ಕೇಳಿದರೆ, "ನಿಮ್ಮ ಗೋವಾ ಕಸ ನಮ್ಮೂರಿಗೆ ಬರ್ತದೆ." ಹಾಗಾದರೆ ಕಾರವಾರದ ಕಸ ಹೊನ್ನಾವರಕ್ಕಾ?

ಈ ಸಲ ಸ್ವಚ್ಛ ಮಾಡುವಾಗ ಮರಾಠಿ ಅಕ್ಷರದ ಹಾಲಿನ ಪ್ಯಾಕೆಟ್ ಸಿಕ್ಕಿತು. ಅರಬ್ಬಿ ಅಕ್ಷರದ ನೀರಿನ ಬಾಟಲಿಯೂ ಸಿಕ್ಕಿತು. ತೇಲುವ ಪ್ಲಾಸ್ಟಿಕ್ ಎಲ್ಲಿಂದ ಹೊರಟಿತು ಅಂತ ಸಮುದ್ರದ ಪ್ರವಾಹ ನೋಡಿ ಹೇಳಲು ಆಗುತ್ತದಾ? ಅಥವಾ ಒಬ್ಬರ ಮೇಲೆ ಒಬ್ಬರು ಸುಮ್ನೆ ಎತ್ತಿ ಹಾಕುತ್ತಿದ್ದೇವಾ?

ಕಡಲಮಗ ಕಾರವಾರ

ನಾನು ದಕ್ಷಿಣ ಗೋವಾದ ಕುಟ್ಬಣ ಜೆಟ್ಟಿಯ ಟ್ರಾಲರ್‌ನಲ್ಲಿ ಕೆಲಸ ಮಾಡುವವನು. ಪುಸ್ತಕದ ಮಾತು ಗೊತ್ತಿಲ್ಲ. ಮಳೆಗಾಲದಲ್ಲಿ ನೀರು ತೆಂಕಕ್ಕೆ ಹರಿಯುತ್ತದೆ. ದೀಪಾವಳಿ ಕಳೆದ ಮೇಲೆ ಬಡಗಕ್ಕೆ ತಿರುಗುತ್ತದೆ. ಬಲೆ ಬಿಟ್ಟವರಿಗೆಲ್ಲ ಇದು ಗೊತ್ತು. ಹಾಗೆ ನೋಡಿದರೆ ಜೂನ್‌ನಲ್ಲಿ ಮುಂಬೈದು ಗೋವಾಕ್ಕೆ, ಗೋವಾದು ನಮಗೆ. ಲೆಕ್ಕ ಸರಿಯಾಗೇ ಇದೆ ಅಲ್ವಾ?

ಅಲೆಮಾರಿ

ಕಡಲಮಗ ಹೇಳಿದ ದಿಕ್ಕು ಪೂರ್ತಿ ಸರಿ. ಆದರೆ ಅಷ್ಟರಿಂದಲೇ "ಮುಂಬೈ ಕಸ" ಅಂತ ತೀರ್ಪು ಕೊಡಲು ಆಗುವುದಿಲ್ಲ. ನಾನು ಡೋಣಾ ಪಾವ್ಲಾದಲ್ಲಿ ಕೆಲವು ವರ್ಷ ಸಮುದ್ರ ವಿಜ್ಞಾನ ಓದಿದವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಪಶ್ಚಿಮ ತೀರದ ಉದ್ದಕ್ಕೂ ಹರಿಯುವ ಪ್ರವಾಹಕ್ಕೆ ಪಶ್ಚಿಮ ಭಾರತ ಕರಾವಳಿ ಪ್ರವಾಹ ಅಂತ ಹೆಸರು. ಮುಂಗಾರಿನಲ್ಲಿ ತೆಂಕಕ್ಕೆ, ನವೆಂಬರ್‌ನಿಂದ ಫೆಬ್ರವರಿ ತನಕ ಬಡಗಕ್ಕೆ. ಪೆಸಿಫಿಕ್, ಅಟ್ಲಾಂಟಿಕ್‌ನಲ್ಲಿ ಹೀಗಿಲ್ಲ. ಅಲ್ಲಿ ವರ್ಷವಿಡೀ ಒಂದೇ ಕಡೆ ತಿರುಗುವ ದೊಡ್ಡ ಸುಳಿಗಳಿವೆ. ಪ್ರಪಂಚದಲ್ಲಿ ಅಂಥವು 5. ತೇಲುವ ಪ್ಲಾಸ್ಟಿಕ್ ಅವುಗಳ ನಡುವೆ ಹೋಗಿ ಸೇರುತ್ತದೆ. 1997ರಲ್ಲಿ ಚಾರ್ಲ್ಸ್ ಮೂರ್ ಹವಾಯಿಯಿಂದ ಹಡಗಿನಲ್ಲಿ ವಾಪಸ್ ಬರುವಾಗ ಕಂಡ ಕಸದ ಪ್ರದೇಶ ಅಂಥ ಒಂದು ಸುಳಿಯಲ್ಲೇ ಇರುವುದು. ಹಿಂದೂ ಮಹಾಸಾಗರದ ಸುಳಿ ಸಮಭಾಜಕದ ದಕ್ಷಿಣಕ್ಕಿದೆ. ನಮ್ಮ ಕಡೆ, ಅಂದರೆ ಉತ್ತರದಲ್ಲಿ, ಅಂಥದ್ದಿಲ್ಲ. ಮೇಲೆ ಏಷ್ಯಾದ ನೆಲ ಅಡ್ಡ ಇದೆ. ಜೊತೆಗೆ ಮಾನ್ಸೂನ್ ವರ್ಷಕ್ಕೆ ಎರಡು ಸಲ ಗಾಳಿಯನ್ನೇ ತಿರುಗಿಸಿಬಿಡುತ್ತದೆ. ಅರಬ್ಬಿ ಸಮುದ್ರದ ಕಸಕ್ಕೆ ಕೊನೆಗೆ ಹೋಗಿ ಕೂರುವ ಜಾಗವೇ ಇಲ್ಲ. ಅದು ಓಡಾಡುತ್ತಲೇ ಇರುತ್ತದೆ. ಹೆಚ್ಚಿನದು ತೀರಕ್ಕೆ ಬಂದು ಬೀಳುತ್ತದೆ.

ಇನ್ನೊಂದು ಸ್ವಾರಸ್ಯ ಹೇಳಲೇಬೇಕು. ಚಳಿಗಾಲದಲ್ಲಿ ಗೋವಾದ ಮುಂದೆ ಗಾಳಿ ಹೆಚ್ಚಾಗಿ ಬಡಗಿನಿಂದ ಬೀಸುತ್ತದೆ. ನೀರು ಮಾತ್ರ ಅದಕ್ಕೆ ಎದುರಾಗಿ ಬಡಗಕ್ಕೇ ಹೋಗುತ್ತದೆ. ಕಾರಣ ಇರುವುದು ಬಂಗಾಳ ಕೊಲ್ಲಿಯಲ್ಲಿ. ಅಲ್ಲಿನ ಗಾಳಿ ಎಬ್ಬಿಸಿದ ಕೆಲ್ವಿನ್ ಅಲೆಗಳು ಶ್ರೀಲಂಕಾ ಸುತ್ತಿಕೊಂಡು ನಮ್ಮ ತೀರ ಹಿಡಿದು ಮೇಲೆ ಬರುತ್ತವೆ. ಬರಿಗಣ್ಣಿಗೆ ಕಾಣುವಂಥ ಅಲೆ ಅಲ್ಲ ಅದು. ಸಮುದ್ರದ ಮಟ್ಟ ಕೆಲವು ಸೆಂಟಿಮೀಟರ್ ಏರುತ್ತದೆ ಅಷ್ಟೇ, ಆದರೆ ನೂರಾರು ಕಿಲೋಮೀಟರ್ ಉದ್ದಕ್ಕೆ. ಗೋವಾದ ಡೋಣಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಸತೀಶ್ ಶೆಟ್ಯೆ, ಡಿ. ಶಂಕರ್ ಇಂಥವರು ಇದನ್ನು ಬಿಡಿಸಿ ತೋರಿಸಿದರು. ಹಾಗಾಗಿ ಮೀರಾಮಾರ್‌ನಲ್ಲಿ ನಿಂತು ಗಾಳಿ ಎತ್ತ ಬೀಸುತ್ತಿದೆ ಅಂತ ನೋಡಿ ಪ್ರವಾಹ ಹೇಳಲು ಆಗುವುದಿಲ್ಲ.

ದಾದರ್ ದೇಸಾಯಿ

ಮುಂಬೈಗೆ ಬೈಯುವುದು ಎಲ್ಲರಿಗೂ ಸುಲಭ. ನಮ್ಮ ಕಸದಲ್ಲಿ ಎಷ್ಟೋ ಭಾಗ ನಮಗೇ ವಾಪಸ್ ಬರುತ್ತದೆ ಸ್ವಾಮಿ. ಮಳೆಗಾಲದಲ್ಲಿ ದೊಡ್ಡ ಉಬ್ಬರದ ದಿನ ಮರೀನ್ ಡ್ರೈವ್‌ಗೆ ಬನ್ನಿ. ಅಲೆ ಗೋಡೆ ಹಾರಿ ರಸ್ತೆಗೇ ಕಸ ಎಸೆಯುತ್ತದೆ. ಮಾಹಿಮ್‌ನಲ್ಲಿ ಮೀಠಿ ನದಿ ಕಸ ತಂದು ಕೊಡುತ್ತದೆ, ಸಮುದ್ರ ಅದನ್ನು ದಂಡೆಗೇ ತಳ್ಳುತ್ತದೆ. ವರ್ಸೋವಾದಲ್ಲಿ ಅಫ್ರೋಜ್ ಶಾ 2015ರಲ್ಲಿ ಶುರು ಮಾಡಿದ ಸ್ವಚ್ಛತೆ ವರ್ಷಗಟ್ಟಲೆ ನಡೆಯಬೇಕಾಯಿತು. ವಿಶ್ವಸಂಸ್ಥೆ ಪ್ರಶಸ್ತಿ ಕೊಟ್ಟಿತು, ಕಸ ಮಾತ್ರ ಬರುತ್ತಲೇ ಇತ್ತು. ಎಲ್ಲವೂ ಗೋವಾಕ್ಕೆ ಹೋಗುವುದಿದ್ದರೆ ಇಲ್ಲಿ ಇಷ್ಟು ಗುಡಿಸುವ ಕೆಲಸ ಯಾಕೆ ಇರುತ್ತಿತ್ತು?

ಬೈನಾ ಬಸು

ಬೈದಿಲ್ಲ ಸರ್, ಕೇಳಿದೆ.

ಅಲೆಮಾರಿ

ದೇಸಾಯಿಯವರು ಹೇಳಿದ್ದೇ ಈ ಚರ್ಚೆಯ ಮುಖ್ಯ ಭಾಗ ಅಂತ ನನಗನ್ನಿಸುತ್ತದೆ. ಹಾಗಂತ ಮುಂಬೈ ಕಡೆಯ ನದಿಗಳು ಸಣ್ಣವಲ್ಲ. ಸಮುದ್ರಕ್ಕೆ ಹೆಚ್ಚು ಪ್ಲಾಸ್ಟಿಕ್ ಸೇರಿಸುವ ನದಿಗಳ ಬಗ್ಗೆ 2021ರಲ್ಲಿ ಬಂದ ದೊಡ್ಡ ಲೆಕ್ಕಾಚಾರದಲ್ಲಿ ಉಲ್ಹಾಸ್ ನದಿ ಪ್ರಪಂಚದ ಮೊದಲ ಸಾಲಿನಲ್ಲೇ ಇದೆ. ಪಟ್ಟಿಯ ತುದಿಯಲ್ಲಿರುವುದು ಮನಿಲಾದ ಪಾಸಿಗ್. ಅದೂ ಮಾದರಿಯ ಅಂದಾಜೇ, ನದಿಯಲ್ಲಿ ನಿಂತು ಎಣಿಸಿದ್ದಲ್ಲ.

ಆದರೆ ನದಿಯಿಂದ ಹೊರಗೆ ಬಂದ ಕಸ ಎಷ್ಟು ದೂರ ಹೋಗುತ್ತದೆ? ಅದೇ ವರ್ಷ ಇನ್ನೊಂದು ಜಾಗತಿಕ ಮಾದರಿ ಅಧ್ಯಯನ ಬಂತು. ನೆಲದಿಂದ ಸಮುದ್ರಕ್ಕೆ ಬಿದ್ದ ತೇಲುವ ಪ್ಲಾಸ್ಟಿಕ್‌ನಲ್ಲಿ 5 ವರ್ಷದ ನಂತರವೂ ಕನಿಷ್ಠ 77% ದಂಡೆಯ ಮೇಲೆ ಅಥವಾ ತೀರದ ನೀರಿನಲ್ಲೇ ಇರುತ್ತದೆ ಅಂತ ಅದರ ಲೆಕ್ಕ. ದಂಡೆಗೆ ಬೀಳುತ್ತದೆ, ದೊಡ್ಡ ಉಬ್ಬರ ಬಂದಾಗ ಮತ್ತೆ ತೇಲುತ್ತದೆ, ಪಕ್ಕದ ದಂಡೆಗೆ ಬೀಳುತ್ತದೆ. ಹೀಗೆ ಕುಂಟುತ್ತಾ ಹೋಗುತ್ತದೆ.

ಈಗ ಕಡಲಮಗನ ಲೆಕ್ಕ ಮಾಡೋಣ. ಪ್ರವಾಹ ಸೆಕೆಂಡಿಗೆ 20 ಸೆಂಟಿಮೀಟರ್ ಅಂದುಕೊಳ್ಳಿ. ದಿನಕ್ಕೆ ಸುಮಾರು 17 ಕಿಲೋಮೀಟರ್ ಆಯಿತು. ಮುಂಬೈಯಿಂದ ಗೋವಾಕ್ಕೆ ಸಮುದ್ರದಲ್ಲಿ ಸುಮಾರು 400 ಕಿಲೋಮೀಟರ್. ಎಲ್ಲೂ ನಿಲ್ಲದೆ ಬಂದರೂ ಮೂರು ವಾರ ದಾಟುತ್ತದೆ. ಅಷ್ಟು ದಿನವೂ ಮುಂಗಾರಿನ ಗಾಳಿ ಪಶ್ಚಿಮದಿಂದ, ಅಂದರೆ ದಂಡೆಯ ಕಡೆಗೇ, ತಳ್ಳುತ್ತಿರುತ್ತದೆ. ಗಾಳಿ ಸೆಕೆಂಡಿಗೆ 10 ಮೀಟರ್ ಇದ್ದು, ಖಾಲಿ ಬಾಟಲಿ ಅದರ 3% ವೇಗ ಪಡೆಯಿತು ಅಂದರೆ ಅದೇ 30 ಸೆಂಟಿಮೀಟರ್. ಪ್ರವಾಹಕ್ಕಿಂತ ಜಾಸ್ತಿ! ದಾರಿಯಲ್ಲಿ ಅಲಿಬಾಗ್, ರತ್ನಾಗಿರಿ, ಮಾಲ್ವಣ ಎಲ್ಲ ಸಿಗುತ್ತವೆ. ಮುಂಬೈಯ ತೀರದಲ್ಲೇ ಹೊರಟ ಖಾಲಿ ಬಾಟಲಿ ಅಷ್ಟನ್ನೂ ತಪ್ಪಿಸಿಕೊಂಡು ಬೈನಾಕ್ಕೆ ಬರುವುದು ಕಷ್ಟ. ದೂರ ಸಮುದ್ರದಲ್ಲಿ ಹಡಗಿನಿಂದ ಬಿದ್ದದ್ದು ಬರಬಹುದು.

ಕಡಲಮಗ ಕಾರವಾರ

ಇದು ಒಪ್ಪುತ್ತೇನೆ. ಕಡಿದ ಬಲೆ ಒಂದು ದಿಕ್ಕಿಗೆ ಹೋಗುತ್ತದೆ, ಅದರ ಥರ್ಮಾಕೋಲ್ ಬುರುಡೆ ಕಿತ್ತರೆ ಇನ್ನೊಂದು ದಿಕ್ಕಿಗೆ. ಬಲೆ ನೀರಿನ ಮಾತು ಕೇಳುತ್ತದೆ, ಬುರುಡೆ ಗಾಳಿಯ ಮಾತು ಕೇಳುತ್ತದೆ.

ಅಲೆಮಾರಿ

ಇದನ್ನೇ ವಿಜ್ಞಾನಿಗಳು ಯಂತ್ರದಲ್ಲಿ ಮಾಡುತ್ತಾರೆ. ಪ್ರಪಂಚದ ಸಮುದ್ರಗಳಲ್ಲಿ ಸಾವಿರಕ್ಕೂ ಹೆಚ್ಚು ಡ್ರಿಫ್ಟರ್‌ಗಳು ತೇಲುತ್ತಿವೆ. ಮೇಲೆ ಒಂದು ಚೆಂಡು, ಅದರೊಳಗೆ ಉಪಗ್ರಹಕ್ಕೆ ಜಾಗ ತಿಳಿಸುವ ಉಪಕರಣ. ಕೆಳಗೆ 15 ಮೀಟರ್ ಆಳದಲ್ಲಿ ಬಟ್ಟೆಯ ಉದ್ದ ಚೀಲ. ಗಾಳಿ ಎಳೆಯದಂತೆ ಆ ಚೀಲ ಹಿಡಿದುಕೊಳ್ಳುತ್ತದೆ. ಕೆಲವು ತಿಂಗಳ ಮೇಲೆ ಎಷ್ಟೋ ಡ್ರಿಫ್ಟರ್‌ಗಳ ಚೀಲ ಕಿತ್ತುಹೋಗುತ್ತದೆ. ಆಗ ಬರೀ ಚೆಂಡು ಗಾಳಿಗೆ ಸಿಕ್ಕಿ ಬೇರೆ ದಾರಿ ಹಿಡಿಯುತ್ತದೆ. ಕಸದ ದಾರಿ ಲೆಕ್ಕ ಹಾಕುವವರಿಗೆ ಇದೂ ಅನುಕೂಲವೇ ಆಯಿತು. ಚೀಲ ಇರುವ ಡ್ರಿಫ್ಟರ್ ಮುಳುಗಿ ತೇಲುವ ಕಸಕ್ಕೆ ಹತ್ತಿರ, ಇಲ್ಲದ್ದು ಖಾಲಿ ಬಾಟಲಿಗೆ ಹತ್ತಿರ.

ಕೋಡ್ ಕೊಟ್ರೇಶ, ಪುಣೆ

ತಡವಾಗಿ ಬಂದೆ. ಕಂಪ್ಯೂಟರ್ ಕಡೆಯಿಂದ ನನ್ನದೂ ಸ್ವಲ್ಪ.

ಡ್ರಿಫ್ಟರ್, ಉಪಗ್ರಹ, ಗಾಳಿಯ ಮಾಹಿತಿ ಸೇರಿಸಿ ಇಡೀ ಸಮುದ್ರದ ಪ್ರವಾಹದ ನಕ್ಷೆ ಸಿಗುತ್ತದೆ. ಅದರ ಮೇಲೆ ಸುಳ್ಳು ಕಸದ ಸಾವಿರಾರು ಚುಕ್ಕೆ ಬಿಟ್ಟು, ಗಂಟೆಗಂಟೆಗೆ ಮುಂದಕ್ಕೆ ಸರಿಸುತ್ತಾ ಹೋಗುವುದು. ಇದಕ್ಕೆ ಪಾರ್ಸೆಲ್ಸ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಎರಿಕ್ ವಾನ್ ಸೆಬಿಲ್ ಅವರ ತಂಡದ್ದು. ಪೈಥಾನ್ ಪ್ರೋಗ್ರಾಮಿಂಗ್ ಗೊತ್ತಿದ್ದರೆ ಮನೆಯ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಮಜಾ ಏನೆಂದರೆ ಸಮಯವನ್ನು ಹಿಂದಕ್ಕೂ ಓಡಿಸಬಹುದು. ಬೈನಾದ ಮುಂದೆ ಚುಕ್ಕೆ ಇಟ್ಟು ಒಂದು ತಿಂಗಳು ಹಿಂದಕ್ಕೆ ಬಿಟ್ಟರೆ ಎಲ್ಲಿಂದ ಬಂದಿರಬಹುದು ಅಂತ ತೋರಿಸುತ್ತದೆ.

"ಇರಬಹುದು" ಅನ್ನುವುದನ್ನು ಒತ್ತಿ ಹೇಳುತ್ತೇನೆ. ನಕ್ಷೆಯ ಒಂದೊಂದು ಚೌಕ ಹತ್ತಿಪ್ಪತ್ತು ಕಿಲೋಮೀಟರ್ ಅಗಲ. ಅದಕ್ಕಿಂತ ಸಣ್ಣ ಸುಳಿ, ಉಬ್ಬರ ಇಳಿತ, ಜುವಾರಿ ನದಿ ಮುಖದ ಸೆಳೆತ ಯಾವುದೂ ಅದರಲ್ಲಿಲ್ಲ. ಹಾಗಾಗಿ ಪ್ರತಿ ಹೆಜ್ಜೆಗೂ ಚುಕ್ಕೆಯನ್ನು ಸ್ವಲ್ಪ ಅತ್ತಿತ್ತ ಅಲುಗಾಡಿಸುತ್ತಾರೆ. ಕೊನೆಗೆ ಸಿಗುವುದು ದೂರದೂರಕ್ಕೆ ಹರಡಿದ ಚುಕ್ಕೆಗಳ ಒಂದು ಮೋಡ. ವಿಳಾಸ ಸಿಗುವುದಿಲ್ಲ. ಫೋನ್‌ನಲ್ಲಿ ಗಾಳಿ, ಪ್ರವಾಹ ತೋರಿಸುವ ನಲ್‌ಸ್ಕೂಲ್ ತಾಣ ತೆರೆದು ಚಂದದ ಗೆರೆ ನೋಡಿ "ನೋಡಿ, ಮುಂಬೈಯಿಂದಲೇ ಬರ್ತಿದೆ" ಅನ್ನುವವರಿಗೂ ಇದೇ ಉತ್ತರ. ತೀರಕ್ಕೆ ಹತ್ತಿರದಲ್ಲಿ ಆ ಗೆರೆಗಳನ್ನು ನಂಬಬೇಡಿ.

ಸಿಡುಕ

ಹಾಗಾದರೆ ಇದೆಲ್ಲ ಊಹೆ. ಎಷ್ಟೋ ಕೋಟಿ ಖರ್ಚು ಮಾಡಿ ಊಹೆ.

ಕೋಡ್ ಕೊಟ್ರೇಶ, ಪುಣೆ

ಊಹೆ ಸರಿಯೋ ತಪ್ಪೋ ಅಂತ ನೋಡುವ ದಾರಿ ಇದೆ. ಎಲ್ಲಿ, ಯಾವ ದಿನ ಬಿತ್ತು ಅಂತ ಗೊತ್ತಿರುವ ವಸ್ತು ಬೇಕು ಅಷ್ಟೇ. 1992ರ ಜನವರಿಯಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ಒಂದು ಹಡಗಿನಿಂದ ಕಂಟೇನರ್ ಬಿತ್ತು. ಒಳಗೆ ಸ್ನಾನದ ತೊಟ್ಟಿಯ ಆಟಿಕೆ, ಸುಮಾರು 28,800. ಹಳದಿ ಬಾತುಕೋಳಿ, ನೀಲಿ ಆಮೆ, ಹಸಿರು ಕಪ್ಪೆ, ಕೆಂಪು ಬೀವರ್. ಹತ್ತು ತಿಂಗಳ ಮೇಲೆ ಅಲಾಸ್ಕಾದ ಸಿಟ್ಕಾ ತೀರಕ್ಕೆ ಬರತೊಡಗಿದವು. ಕರ್ಟಿಸ್ ಎಬ್ಬೆಸ್‌ಮೇಯರ್ ಮತ್ತು ಜೇಮ್ಸ್ ಇಂಗ್ರಹಾಮ್ ದಂಡೆ ಅಲೆಯುವ ಜನರಿಂದ ಮಾಹಿತಿ ಕೂಡಿಸಿ ತಮ್ಮ ಪ್ರವಾಹದ ಮಾದರಿಗೆ ಹೊಂದಿಸಿ ನೋಡಿದರು. ಅದಕ್ಕೆ ಮೊದಲು 1990ರಲ್ಲಿ ಇನ್ನೊಂದು ಹಡಗಿನಿಂದ ಬಿದ್ದ 60 ಸಾವಿರದಷ್ಟು ಶೂಗಳನ್ನೂ ಹೀಗೇ ಹಿಂಬಾಲಿಸಿದ್ದರು.

ಎಂಎಚ್370 ವಿಮಾನದ ಕಥೆಯೂ ಇದೇ ಜಾತಿಯದು. 2014ರ ಮಾರ್ಚ್‌ನಲ್ಲಿ ಕಾಣೆಯಾಯಿತು. 2015ರ ಜುಲೈಯಲ್ಲಿ ಅದರ ರೆಕ್ಕೆಯ ಒಂದು ತುಂಡು ರಿಯೂನಿಯನ್ ದ್ವೀಪದಲ್ಲಿ ಸಿಕ್ಕಿತು. ಆಸ್ಟ್ರೇಲಿಯಾದ ವಿಜ್ಞಾನಿಗಳು ಬೇರೆ ಬೋಯಿಂಗ್ 777ರ ಅಂಥದ್ದೇ ತುಂಡನ್ನು ತಂದು, ಸಿಕ್ಕಿದ್ದರ ಆಕಾರಕ್ಕೆ ಕತ್ತರಿಸಿ, ನೀರಿಗೆ ಬಿಟ್ಟು ನೋಡಿದರು. ಗಾಳಿಗೆ ಅದು ಎಷ್ಟು ಓಡುತ್ತದೆ, ಎಷ್ಟು ಓರೆಯಾಗಿ ಓಡುತ್ತದೆ ಅಂತ ತಿಳಿಯುವುದಕ್ಕೆ. ಇಷ್ಟಾದರೂ ವಿಮಾನ ಸಿಕ್ಕಿಲ್ಲ. ಸಿಡುಕ ಅವರಿಗೆ ಇದರಿಂದ ಖುಷಿಯಾಗಬಹುದು.

ಸಿಡುಕ

ಆಯಿತು. ಉಪಗ್ರಹದಿಂದ ಕಾರಿನ ನಂಬರ್ ಪ್ಲೇಟ್ ಓದುತ್ತಾರಂತೆ. ಕಸ ನೋಡಲು ಏನು ಕಷ್ಟ?

ಅಲೆಮಾರಿ

ನಂಬರ್ ಪ್ಲೇಟ್ ಸಿನಿಮಾದಲ್ಲಿ. ಎಲ್ಲರಿಗೂ ಉಚಿತವಾಗಿ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ 10 ಮೀಟರ್. ಬಾಟಲಿ ಕಾಣುವುದಿಲ್ಲ. ಗಾಳಿ ಮತ್ತು ಪ್ರವಾಹ ಸೇರಿ ಕಸವನ್ನು ಉದ್ದ ಸಾಲಾಗಿ ಕೂಡಿಸಿದಾಗ ಆ ಸಾಲು ಕಾಣುತ್ತದೆ. ಮೆಡಿಟರೇನಿಯನ್‌ನಲ್ಲಿ ಹೀಗೆ ಸಾವಿರಾರು ಸಾಲು ಹುಡುಕಿದ್ದಾರೆ. ಆದರೆ ನಮಗೆ ಬೇಕಾದದ್ದು ಜೂನ್ ತಿಂಗಳು. ಜೂನ್‌ನಲ್ಲಿ ಗೋವಾದ ಮೇಲೆ ಮೋಡ ಬಿಟ್ಟು ಏನು ಕಾಣುತ್ತದೆ?

ಮೋಡದ ಮೂಲಕ ನೋಡುವ ಉಪಾಯವೂ ಬಂದಿತ್ತು. ಚಂಡಮಾರುತ ಅಳೆಯಲು ಸಿಗ್ನಸ್ ಅನ್ನುವ 8 ಸಣ್ಣ ಉಪಗ್ರಹಗಳನ್ನು ಹಾರಿಸಿದ್ದರು. ನೀರಿನ ಮೇಲ್ಮೈ ಎಷ್ಟು ಒರಟಾಗಿದೆ ಅಂತ ಅವು ಅಳೆಯುತ್ತವೆ. ಮೈಕ್ರೋಪ್ಲಾಸ್ಟಿಕ್ ಇರಬೇಕಾದ ಕಡೆ ಮೇಲ್ಮೈ ಇರಬೇಕಾದುದಕ್ಕಿಂತ ನುಣುಪಾಗಿದೆ ಅಂತ 2021ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ತೋರಿಸಿದರು. ದೊಡ್ಡ ಸುದ್ದಿಯಾಯಿತು. ಆಮೇಲೆ ತೊಟ್ಟಿಯಲ್ಲಿ ಪ್ರಯೋಗ ಮಾಡಿದಾಗ ಗೊತ್ತಾಯಿತು, ಅಲೆಯನ್ನು ತಗ್ಗಿಸುವುದು ಹೆಚ್ಚಾಗಿ ಪ್ಲಾಸ್ಟಿಕ್ ಅಲ್ಲ, ಅದರ ಜೊತೆ ಸೇರಿಕೊಳ್ಳುವ ಎಣ್ಣೆ ಸೋಪಿನಂಥ ಪದಾರ್ಥ. ಅಂದರೆ ಉಪಗ್ರಹ ನೋಡುತ್ತಿರುವುದು ಕಸದ ಸಂಗಾತಿಯನ್ನು. ಅದೂ ಉಪಯೋಗವೇ, ಆದರೆ ಎಚ್ಚರಿಕೆ ಬೇಕು.

ಕಡಲಮಗ ಕಾರವಾರ

ಸಾಲು ಅಂದಿರಲ್ಲ, ಅದನ್ನು ನಾವು ದಿನಾ ನೋಡುತ್ತೇವೆ. ಜುವಾರಿಯ ಕೆಂಪು ನೀರು ಸಮುದ್ರದ ನೀರಿಗೆ ತಾಗುವಲ್ಲಿ ನೊರೆಯ ಗೆರೆ ಇರುತ್ತದೆ. ಚೀಲ, ಎಲೆ, ಬಾಟಲಿ ಎಲ್ಲ ಅಲ್ಲೇ. ಮೀನೂ ಅಲ್ಲೇ.

ಇನ್ನೊಂದು ಕೇಳಬೇಕು. 2025ರ ಮೇಯಲ್ಲಿ ಕೊಚ್ಚಿಯ ಮುಂದೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿತಲ್ಲ, ಅದರ ಗುಳಿಗೆ ಬಡಗಕ್ಕೆ ಬರಲಿಲ್ಲವಲ್ಲ?

ಅಲೆಮಾರಿ

ನಮ್ಮ ತೀರದ ಮಟ್ಟಿಗೆ ಆ ಬಾತುಕೋಳಿಗಳ ಕೆಲಸ ಮಾಡಿದ್ದು ಅದೇ ಹಡಗಿನ ಸರಕು. ಮೇ 25ಕ್ಕೆ ಮುಳುಗಿತು. 640 ಕಂಟೇನರ್ ಇತ್ತು. ಕಂಟೇನರ್‌ಗಳು ಕೊಲ್ಲಂ, ಆಲಪ್ಪುಳದ ಕಡೆ ದಂಡೆಗೆ ಬಂದವು. ಪ್ಲಾಸ್ಟಿಕ್ ಗುಳಿಗೆ ತಿರುವನಂತಪುರ, ಕನ್ಯಾಕುಮಾರಿಯ ತೀರಗಳಲ್ಲಿ ಬಿದ್ದವು. ಎಲ್ಲ ಕೊಚ್ಚಿಯಿಂದ ತೆಂಕಕ್ಕೆ. ಮುಂಗಾರಿನ ಪ್ರವಾಹ ಎತ್ತ ಹೋಗಬೇಕೋ ಅತ್ತಲೇ. ಅದೇ ಹಡಗು ಡಿಸೆಂಬರ್‌ನಲ್ಲಿ ಮುಳುಗಿದ್ದರೆ ಗುಳಿಗೆಗಳು ಕಣ್ಣೂರು, ಮಂಗಳೂರಿನ ಕಡೆ ಮುಖ ಮಾಡುತ್ತಿದ್ದವು ಅಂತ ನನ್ನ ಲೆಕ್ಕ.

ಹೈದರಾಬಾದ್‌ನಲ್ಲಿರುವ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಇಂಥ ಹೊತ್ತಿನಲ್ಲಿ ದಿಕ್ಕಿನ ಮುನ್ಸೂಚನೆ ಕೊಡುತ್ತದೆ. ಅವರ ಸರತ್ ಅನ್ನುವ ವ್ಯವಸ್ಥೆ 2016ರಿಂದ ಇದೆ. ಅದು ಮೊದಲು ಮಾಡಿದ್ದು ಸಮುದ್ರದಲ್ಲಿ ಕಾಣೆಯಾದ ಮೀನುಗಾರರು, ದೋಣಿಗಳನ್ನು ಹುಡುಕಲಿಕ್ಕೆ. ಅದು ಸಹ ಕೊಟ್ರೇಶ ಹೇಳಿದ ಚುಕ್ಕೆಗಳ ಮೋಡವೇ. ಮುಂದಕ್ಕೆ ಹೇಳುವುದು ಹಿಂದಕ್ಕೆ ಹುಡುಕುವುದಕ್ಕಿಂತ ಸುಲಭ, ಯಾಕೆಂದರೆ ಹೊರಟ ಜಾಗ, ಹೊರಟ ಗಂಟೆ ಗೊತ್ತಿರುತ್ತದೆ. 2021ರಲ್ಲಿ ಕೊಲಂಬೋ ಮುಂದೆ ಎಕ್ಸ್‌ಪ್ರೆಸ್ ಪರ್ಲ್ ಸುಟ್ಟು ಮುಳುಗಿದಾಗಲೂ ಹಾಗೇ. ಅದರಲ್ಲಿ ಇದ್ದ ಗುಳಿಗೆ ಸುಮಾರು 1,680 ಟನ್.

ಬಸು ಅವರೇ, ನಿಮ್ಮ ಬಿಳಿ ಗುಳಿಗೆ ಈ ಹಡಗುಗಳದ್ದೇ ಆಗಬೇಕಿಲ್ಲ. ಗೋವಾ ತೀರದ ಗುಳಿಗೆಗಳ ಬಗ್ಗೆ 2016ರಲ್ಲೇ ಡೋಣಾ ಪಾವ್ಲಾದವರ ಪ್ರಬಂಧ ಬಂದಿದೆ. ಅವು ಪ್ಲಾಸ್ಟಿಕ್ ಕಾರ್ಖಾನೆಗೆ ಹೋಗುವ ಕಚ್ಚಾ ಮಾಲು. ಹೆಚ್ಚಿನವು ಪಾಲಿಎಥಿಲೀನ್, ಪಾಲಿಪ್ರೊಪಿಲೀನ್. ಎರಡೂ ನೀರಿಗಿಂತ ಹಗುರ, ಹಾಗಾಗಿ ತೇಲುತ್ತವೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಹಾಗಲ್ಲ. ಮುಚ್ಚಳ ಬಿಗಿಯಾಗಿದ್ದರೆ ಒಳಗಿನ ಗಾಳಿಯಿಂದ ತೇಲುತ್ತದೆ, ಮುಚ್ಚಳ ಹೋದರೆ ತಳ ಸೇರುತ್ತದೆ. ದಂಡೆಯಲ್ಲಿ ಒಂಟಿ ಮುಚ್ಚಳಗಳೇ ಅಷ್ಟೊಂದು ಸಿಗುವುದು ಇದಕ್ಕೇ.

ಮಡಗಾಂವ್ ಮಾಲತಿ

ಯಾರೂ ತಾರು ಉಂಡೆ ಬಗ್ಗೆ ಹೇಳಲಿಲ್ಲ! ಮೇ ಬಂತೆಂದರೆ ಕೊಲ್ವಾದಲ್ಲಿ ಕಾಲಿಗೆಲ್ಲ ಕಪ್ಪು ಅಂಟು. ಸೀಮೆಎಣ್ಣೆ ಹಾಕಿ ಉಜ್ಜಬೇಕು. ಅದಕ್ಕೂ ಬಾಂಬೆ ಹೈ ಎಣ್ಣೆ ಬಾವಿಗಳೇ ಕಾರಣ ಅಂತಾರೆ.

ಅಲೆಮಾರಿ

ಒಳ್ಳೆಯ ಹೋಲಿಕೆ. ತಾರು ಉಂಡೆಯಲ್ಲಿ ಮೂಲ ಹುಡುಕುವುದು ಪ್ಲಾಸ್ಟಿಕ್‌ಗಿಂತ ಸಲೀಸು. ಒಂದೊಂದು ಬಾವಿಯ ಕಚ್ಚಾ ಎಣ್ಣೆಗೂ ತನ್ನದೇ ರಾಸಾಯನಿಕ ಗುರುತು ಇರುತ್ತದೆ. ಗೋವಾದ ವಿಜ್ಞಾನಿಗಳು ಆ ಗುರುತನ್ನೂ ಪ್ರವಾಹದ ಮಾದರಿಯನ್ನೂ ಜೊತೆಗಿಟ್ಟು ನೋಡಿದ್ದಾರೆ. ಬಾಂಬೆ ಹೈ ಕಡೆಯ ಎಣ್ಣೆಯೂ ಇದೆ, ಹಾದುಹೋಗುವ ಟ್ಯಾಂಕರ್‌ಗಳದ್ದೂ ಇದೆ. ಅಂದರೆ ಬಡಗಿನಿಂದ ಗೋವಾಕ್ಕೆ ದಾರಿ ಇರುವುದು ನಿಜ. ಆದರೆ ಬಾಂಬೆ ಹೈ ಇರುವುದು ಮುಂಬೈಯಿಂದ 160 ಕಿಲೋಮೀಟರ್‌ನಷ್ಟು ಹೊರಗೆ. ಆ ದಾರಿ ಹಿಡಿಯಲು ವಸ್ತು ಮೊದಲೇ ಆಳ ಸಮುದ್ರದಲ್ಲಿರಬೇಕು. ಮೀಠಿ ನದಿಯ ಹಾಲಿನ ಪ್ಯಾಕೆಟ್‌ಗೆ ಆ ಅದೃಷ್ಟ ಕಡಿಮೆ.

ದಾದರ್ ದೇಸಾಯಿ

ಇದನ್ನು ಫ್ರೇಮ್ ಹಾಕಿಸಿ ಇಡುತ್ತೇನೆ.

ಬೈನಾ ಬಸು

ಹಾಲಿನ ಪ್ಯಾಕೆಟ್ ಬಿಡಿ, ಅದು ಸಿಂಧುದುರ್ಗದ್ದೂ ಇರಬಹುದು, ಮಡಗಾಂವ್ ಅಂಗಡಿಯದ್ದೂ ಇರಬಹುದು. ಅರಬ್ಬಿ ಬಾಟಲಿ? ಓಮಾನ್‌ನಿಂದ ತೇಲಿ ಬಂತಾ?

ಅಲೆಮಾರಿ

ಬಂದಿರಬಹುದು, ಆದರೆ ನಾನು ಹಡಗಿನ ಮೇಲೆ ಅನುಮಾನ ಪಡುತ್ತೇನೆ. ದಕ್ಷಿಣ ಅಟ್ಲಾಂಟಿಕ್‌ನ ನಡುವೆ ಇನಾಕ್ಸೆಸಿಬಲ್ ಅನ್ನುವ ಜನರಿಲ್ಲದ ದ್ವೀಪ ಇದೆ. ಅಲ್ಲಿ ಮೊದಲು ದಕ್ಷಿಣ ಅಮೆರಿಕದ ಬಾಟಲಿಗಳೇ ಜಾಸ್ತಿ ಬೀಳುತ್ತಿದ್ದವು. ಆಮೇಲೆ ಏಷ್ಯಾದ, ಅದರಲ್ಲೂ ಚೀನಾದ ಬಾಟಲಿಗಳು ಮೇಲುಗೈ ಆದವು. ಪೀಟರ್ ರಯಾನ್ ಮತ್ತು ಜೊತೆಯವರು 2019ರಲ್ಲಿ ಬಾಟಲಿಯ ಮೇಲಿನ ತಯಾರಿಕೆ ತಾರೀಕು ನೋಡಿದರು. ಹೆಚ್ಚಿನವು ತೀರಾ ಹೊಸವು. ಚೀನಾದಿಂದ ಅಲ್ಲಿಗೆ ತೇಲಿ ಬರಲು ಅಷ್ಟು ಸಮಯ ಸಾಲದು. ಹಾಗಾಗಿ ಹಡಗಿನಿಂದ ಎಸೆದದ್ದೇ ಅಂತ ತೀರ್ಮಾನಿಸಿದರು. ಹಡಗಿನಿಂದ ಪ್ಲಾಸ್ಟಿಕ್ ಎಸೆಯುವುದು 1988ರ ಕೊನೆಯಿಂದಲೇ ಅಂತಾರಾಷ್ಟ್ರೀಯ ನಿಯಮದಲ್ಲಿ ನಿಷಿದ್ಧ. ಕಾಗದದ ಮೇಲೆ.

ಲೇಬಲ್ ನೋಡಿದರೆ ಎಲ್ಲಿ ತಯಾರಾಯಿತು ಅಂತ ಗೊತ್ತಾಗುತ್ತದೆ. ಎಲ್ಲಿ ಎಸೆದರು ಅಂತ ಗೊತ್ತಾಗುವುದಿಲ್ಲ. ತಾರೀಕು, ಮತ್ತೆ ಮೇಲೆ ಅಂಟಿದ ಜೀವಿಗಳು ಇನ್ನೂ ಒಳ್ಳೆಯ ಸಾಕ್ಷಿ. ಉದ್ದ ಕತ್ತಿನ ಬಾರ್ನಕಲ್ ತೇಲುವ ವಸ್ತುವಿಗೇ ಅಂಟುವ ಜೀವಿ. ಅದು ದೊಡ್ಡದಿದ್ದಷ್ಟೂ ವಸ್ತು ಹೆಚ್ಚು ದಿನ ತೇಲಿದೆ ಅಂತ. ಬಾಟಲಿ ಫಳಫಳ ಹೊಳೆಯುತ್ತಿದ್ದರೆ ಅದು ಪಕ್ಕದ ನಾಲೆಯಿಂದಲೇ ಬಂದಿರುವ ಸಾಧ್ಯತೆ ಹೆಚ್ಚು.

ಬೈನಾ ಬಸು

ಹಾಗೆ ನೋಡಿದರೆ ನಮ್ಮಲ್ಲಿ ಸಿಗುವುದರಲ್ಲಿ ಹೊಳೆಯುವುದೇ ಜಾಸ್ತಿ. ಗುಟ್ಕಾ ಚೀಟಿಯಂತೂ ಬಣ್ಣ ಸಹ ಹೋಗಿರುವುದಿಲ್ಲ. ಮುಂದಿನ ಸಲದಿಂದ ಮೂರು ಗುಡ್ಡೆ ಮಾಡುತ್ತೇವೆ. ಹೊಳೆಯುವುದು, ಪಾಚಿ ಹಿಡಿದದ್ದು, ಬಾರ್ನಕಲ್ ಅಂಟಿದ್ದು. ತಾರೀಕಿನ ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ.

ಜೂನ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದಾ?

ಅಲೆಮಾರಿ

ಗೊತ್ತಾಗುತ್ತದೆ. ಆದರೆ ಒಂದೇ ಜಾಗ, ಒಂದೇ ಉದ್ದದ ದಂಡೆ ಇರಲಿ. ಉಬ್ಬರದ ಗೆರೆ ಹಿಡಿದು ನಡೆಯಿರಿ. ಅಮಾವಾಸ್ಯೆ ಹುಣ್ಣಿಮೆಯ ಹತ್ತಿರ ಮಾಡಿದರೆ ಎರಡು ಸಲವೂ ಅಂಥದ್ದೇ ದಿನ ಮಾಡಿ, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ.

ಜುವಾರಿಯ ನೀರು ಎತ್ತ ಹೋಗುತ್ತದೆ ಅಂತ ನೋಡುವ ಆಸೆ ಇದ್ದರೆ ಕಿತ್ತಳೆ ಹಣ್ಣು ಬಿಡಿ. ತಮಾಷೆ ಅಲ್ಲ, ತೀರದ ಸೆಳೆತ ನೋಡಲು ಸಂಶೋಧಕರೂ ಬಳಸುತ್ತಾರೆ. ಹಣ್ಣು ಬಹುಪಾಲು ಮುಳುಗಿಯೇ ತೇಲುತ್ತದೆ, ಗಾಳಿಗೆ ಸಿಗುವುದು ಕಡಿಮೆ, ಬಣ್ಣ ದೂರದಿಂದ ಕಾಣುತ್ತದೆ, ಕಳೆದುಹೋದರೆ ಕೊಳೆಯುತ್ತದೆ.

ಕಡಲಮಗ ಕಾರವಾರ

ಜೂನ್, ಜುಲೈಯಲ್ಲಿ ದೋಣಿ ಕೇಳಬೇಡಿ, ಮೀನುಗಾರಿಕೆ ನಿಷೇಧ, ಸಮುದ್ರವೂ ಕೆಟ್ಟದು. ಡಿಸೆಂಬರ್‌ನಲ್ಲಿ ಬನ್ನಿ. ಇಳಿತ ಶುರುವಾಗುವ ಹೊತ್ತಿಗೆ ಜುವಾರಿ ಮುಖದಲ್ಲಿ ಬಿಡೋಣ.

ಸಿಡುಕ

ಹಣ್ಣಿನ ಖರ್ಚು ಯಾರದ್ದು?

ದಾದರ್ ದೇಸಾಯಿ

ಮುಂಬೈದು. ಎರಡು ಡಜನ್ ಕಳಿಸುತ್ತೇನೆ. ಹಣ್ಣಿನ ಮೇಲೆ ನಂಬರ್ ಬರೆಯಿರಿ, ಮಾಲ್ವಣದಲ್ಲಿ ನಮ್ಮವರಿದ್ದಾರೆ, ಅಲ್ಲಿ ಯಾವುದಾದರೂ ಬಂದರೆ ಫೋನ್ ಮಾಡಲು ಹೇಳುತ್ತೇನೆ.

ಕೋಡ್ ಕೊಟ್ರೇಶ, ಪುಣೆ

ಬಿಟ್ಟ ಗಂಟೆ ಮತ್ತು ಜಾಗ ಫೋನ್‌ನ ಜಿಪಿಎಸ್‌ನಲ್ಲಿ ಬರೆದಿಟ್ಟುಕೊಳ್ಳಿ. ನಾನು ಮೊದಲೇ ಮಾದರಿ ಓಡಿಸಿ ಉತ್ತರ ಇಲ್ಲಿ ಹಾಕಿರುತ್ತೇನೆ, ಆಮೇಲೆ ಹೊಂದಿಸಿ ನೋಡೋಣ. ಜುವಾರಿ ಮುಖ ನನ್ನ ನಕ್ಷೆಯಲ್ಲಿ ಒಂದು ಚೌಕದ ಅರ್ಧ ಕೂಡ ಇಲ್ಲ, ಹಾಗಾಗಿ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ.